ಕೆಂಪು ಬಾಣ

ಸೇಡಂ ರಸ್ತೆದಾಗ, ಟೈರಿನ ಅಂಗಡಿ ಮಗ್ಗಲಿಗಿ,
ತಗಡಿನ ಶೆಡ್ಡು. ಮ್ಯಾಲ ಬ್ಯಾನರು:
ಫ್ಯಾಕ್ಟರಿ ಔಟ್‌ಲೆಟ್. ಕಂಪನಿ ಮಾಲು. ಅರ್ಧಕ್ಕಿಂತ ಕಡಿಮಿ.
ಮೇ ತಿಂಗಳು. ಹೊರಗ ಡಾಂಬರ ಮೆತ್ತಗಾಗ್ಯಾದ,
ಒಳಗ ಎರಡು ಕೂಲರು ಹಸಿ ಹುಲ್ಲಿನ ವಾಸನಿ ಬೀಸ್ಲಾಕತ್ತಾವ.

ನೆಗೆಣ್ಣಿ ಕಾಶೀಬಾಯಿ ನನ್ನ ಕರಕೊಂಡು ಬಂದದ್ದು
ಜೋಡಿಗಂತಲ್ಲ, ನನ್ನ ಕಣ್ಣಿಗಿ.
"ಸೊಲ್ಲಾಪುರದಾಗ ಆರು ವರ್ಷ ಇದನ್ನೇ ಮಾಡೀದಿ,
ಹುಳುಕು ಹುಡುಕಿ ಕೊಡು."

ಖರೇ. ಲಗ್ನಕ್ಕಿಂತ ಮೊದಲ ಆರು ವರ್ಷ
ಅಕ್ಕಲಕೋಟ ರಸ್ತೆದ ಕಾರಖಾನ್ಯಾಗ
ಟ್ಯೂಬ್‌ಲೈಟಿನ ಕೆಳಗ ನಾನು ಚೆಕ್ಕರು, ನಂಬರ್ ಹದಿನಾಲ್ಕು.
ಕಾಲರು, ಭುಜ, ಕಾಜಾ, ಗುಂಡಿ, ತೋಳು, ಅಂಚು:
ಒಂದು ಅಂಗಿಗಿ ನಲವತ್ತು ಸೆಕೆಂಡು.
ತಪ್ಪು ಕಂಡಲ್ಲಿ ಒಂದು ಕೆಂಪು ಬಾಣ, ಅಂಟಿನದು,
ಉಗುರಿನಷ್ಟು.
ರಾತ್ರಿ ಉಣ್ಣಲಾಕ ಕುಂತರ
ರೊಟ್ಟಿ ಅಂಚಿನಾಗೂ ಹೊಲಿಗಿ ಬಿಟ್ಟದ್ದು ಕಾಣ್ತಿತ್ತು.
ನನ್ನ ನೋಡ್ಲಾಕ ಬಂದ ಗಂಡಿನ ಅಂಗಿ ಕಾಲರು
ಎಡಗಡಿ ಕೂದಲೆಳಿಯಷ್ಟು ಮ್ಯಾಲ ಇತ್ತು;
ಹೇಳಲಿಲ್ಲ. ಒಪ್ಪಿಕೊಂಡೆ.

ಸಂಜಿಗಿ ಎಣಿಸ್ತಿದ್ದರು: ಇಷ್ಟು ಪಾಸು, ಇಷ್ಟು ಸೆಕೆಂಡ್ಸು.
ಸೆಕೆಂಡ್ಸು ಬ್ಯಾರೆ ಚೀಲಕ್ಕ.
ಆ ಚೀಲ ಎಲ್ಲಿಗಿ ಹೋಗ್ತಾವಂತ ನಾವು ಕೇಳಿದ್ದಿಲ್ಲ.
ಇಲ್ಲಿಗಿ ಬರ್ತಾವ ನೋಡ್ರಿ.

ಅಂಗಿಗಳ ಗುಡ್ಡ. ಮಂದಿ ಮೊಣಕೈತನ ಕೈ ಹಾಕಿ
ಮೆಂತ್ಯಾ ಪಲ್ಯ ಆರಿಸಿದಂಗ ಆರಿಸ್ಲಾಕತ್ತಾರ.
ಲೇಬಲ್ಲಿನ ಹೆಸರಿನ ಮ್ಯಾಲ ಕತ್ತರಿ ಆಡ್ಯಾದ,
ಅರ್ಧ ಕಂಪನಿ ಅದ, ಅರ್ಧ ಇಲ್ಲ.
ಎರಡು ಸಾವಿರದ ಒಂಬೈನೂರ ತೊಂಬತ್ತೊಂಬತ್ತು, ಅದರ ಮ್ಯಾಲ ಗೀಟು,
ಕೆಳಗ ಪೆನ್ನಿಲಿಂದ ನಾನೂರಾ ಐವತ್ತು.
"ಎರಡೂವರೆ ಸಾವಿರ ಉಳೀತು" ಅಂತಾಳ ಕಾಶೀಬಾಯಿ.
ಎಲ್ಲಿ ಉಳೀತವ್ವ? ಪರ್ಸು ತೆರೆದು ನೋಡಿದೆವು,
ಗೀಟಿನ ಕೆಳಗಿನ ರೊಕ್ಕ ಅಲ್ಲಿರಲಿಲ್ಲ.

ನಾನು ಬಾಣ ಓದ್ಲಾಕ ನಿಂತೆ.
ಇದಕ್ಕ ಎಣ್ಣಿ ಕಲಿ. ತೊಳದರ ಹೋಗ್ತದ, ತಗೋ.
ಇದರ ಕಿಸೆ ಸೊಟ್ಟ. ಮ್ಯಾಲ ಕೈ ಇಟ್ಟು ಮಾತಾಡಿದರಾಯ್ತು.
ಇದರ ಸೊಂಟದಾಗ ಸೂಜಿ ಮುರದು ಒಳಗೇ ಉಳದದ, ಬ್ಯಾಡ.
ಮಂದಿ ಕೂಡಿದರು. ಜೇವರ್ಗಿ ಕಡಿ ಮುತ್ಯಾ ಒಬ್ಬಾತ
"ನಂದೂ ಒಂದಿಷ್ಟು ನೋಡವ್ವ" ಅಂತ ಪೈಜಾಮಿ ಹಿಡಿದ.
ಅಂಗಡಿ ಹುಡುಗ ಇಮ್ತಿಯಾಜ ಮೊದಲ ಸಿಟ್ಟಿಗೆದ್ದ,
ಆಮ್ಯಾಲ ಒಂದು ಸ್ಟೂಲು ತಂದು ಕೊಟ್ಟ.

ಆವಾಗ ಆ ತಿಳಿನೀಲಿ ಅಂಗಿ.
ಎಡ ಬಗಲಿನ ಕೆಳಗ ಬಾಣ.
ಅಲ್ಲೇನೂ ಇಲ್ಲ.
ಒಳಹೊರಗ ಮಾಡಿ ನೋಡಿದೆ. ಬಾಗಿಲ ಬಿಸಿಲಿಗಿ ಹಿಡಿದೆ.
ಕಣ್ಣು ಮುಚ್ಚಿ ಬೆರಳು ಆಡಿಸಿದೆ, ಹೊಲಿಗಿ ಎಣಿಸಿದೆ:
ಇಂಚಿಗಿ ಹನ್ನೆರಡು, ಒಂದೂ ತಪ್ಪಿಲ್ಲ.

ಯಾರಾಕಿ? ನಿದ್ದಿಗಣ್ಣಿನಾಗ ಹಚ್ಚಿದಳೋ,
ಬೇಕಂತಲೇ ಹಚ್ಚಿದಳೋ?

ಯಾಕಂದರ ಕಡೀ ವಾರದಾಗ ನಾನೂ
ಹಿಂಗೇ ಒಂದು ಛಲೋ ಅಂಗಿಗಿ ಬಾಣ ಹಚ್ಚೀನಿ.
ಕಾರಣ ಇವತ್ತಿಗೂ ಸರಿಯಾಗಿ ಹೇಳ್ಲಾಕ ಬರೂದಿಲ್ಲ.
ಸೂಪರ್‌ವೈಜರನ ಮ್ಯಾಲಿನ ಸಿಟ್ಟಿಗಿ ಇರಬೇಕು;
ಇಲ್ಲಾ, ಕಾಲರು ಕೂಡಿಸೂ ಪದ್ಮಿನಿ
"ಇಂಥಾದು ನಮ್ಮ ತಮ್ಮಗ ಯಾವಾಗ ಸಿಗಬೇಕು" ಅಂದಿದ್ದಕ್ಕ.
ಗಾಜಿನ ಅಂಗಡಿಗಿ ಹೊಂಟಿದ್ದ ಒಂದು ಅಂಗಿನ
ಹಿಂಗ ಹೊಳ್ಳಿಸಿದೆ, ಅಷ್ಟೇ.
ಎಲ್ಲಿ ಹೋಯ್ತೋ. ಯಾರ ಮೈ ಸೇರ್ತೋ.

"ಅದರಾಗೇನು ಕಸರದ?" ಕಾಶೀಬಾಯಿ ಕೇಳಿದಳು.
"ಅದ" ಅಂದೆ. "ನಿನಗ ಕಾಣೂದಿಲ್ಲ."
ನಾನೂರಾ ಐವತ್ತು ಎಣಿಸಿ ಕೊಟ್ಟೆ. ಚೌಕಾಸಿ ಮಾಡಲಿಲ್ಲ.
ಇಮ್ತಿಯಾಜನೇ ಹೌಹಾರಿ ಹತ್ತು ರೂಪಾಯಿ ಹೊಳ್ಳಿ ಕೊಟ್ಟ.

ಮನ್ಯಾಗ ಅವರು ತೊಟ್ಟು ಕನ್ನಡಿ ಮುಂದ ನಿಂತು
ಬಗಲಾಗಿನ ಬಾಣಕ್ಕ ಉಗುರು ಹಾಕಿದರು.
ಬಿಡ್ರಿ, ಅಂದೆ.
ತೊಳದರ ತಾನೇ ಹೋಗ್ತದ.
ಇವತ್ತೊಂದಿನ ಇರ್ಲಿ.